ಎಂ.ಎಸ್. ಮುಗಿಸಿ 35 ವರ್ಷವಾದ ಸರ್ಜನ್‌ಗೂ ಸಿಎಂಇ ಬೇಕಾ?

ದಾವಣಗೆರೆಯಲ್ಲಿ ನರ್ಸಿಂಗ್ ಹೋಂ ನಡೆಸುವ ನಿಮ್ಮ ಮಾವ ಭಾನುವಾರವೂ ಸಿಎಂಇ (ಓದು ಮುಗಿದ ಮೇಲೂ ವೈದ್ಯರು ಮುಂದುವರಿಸುವ ಕಲಿಕೆ) ಅಂತ ಹೊರಡುತ್ತಾರೆ, ಯಾಕೆ ಎಂದು ಕೇಳಿದ್ದೀರಿ. ನಿಯಮ ಚಿಕ್ಕದು. ವೈದ್ಯರಿಗಾಗಿ 2002ರಲ್ಲಿ ಬಂದ ನೀತಿ ನಿಯಮದ ಪ್ರಕಾರ 5 ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಕಲಿಕೆ ಆಗಬೇಕು. ವರ್ಷಕ್ಕೆ 6 ಗಂಟೆ. ಜಾಸ್ತಿಯೇನಲ್ಲ, ಅಲ್ವಾ?

ನಿಜವಾದ ಕಾರಣ ಬೇರೆ. ಆಪರೇಷನ್ ಮಾಡುವ ರೀತಿಯೇ ಬದಲಾಗುತ್ತಾ ಹೋಗುತ್ತದೆ. ಪಿತ್ತಕೋಶ ತೆಗೆಯುವುದನ್ನೇ ನೋಡಿ. ಮೊದಲು ಹೊಟ್ಟೆ ಕೊಯ್ದು ತೆಗೆಯುತ್ತಿದ್ದರು. ಆಮೇಲೆ ಸಣ್ಣ ತೂತುಗಳಲ್ಲಿ ಕ್ಯಾಮೆರಾ, ಉಪಕರಣ ಹಾಕಿ ಮಾಡುವ ಲ್ಯಾಪರೋಸ್ಕೋಪಿ ಬಂತು. ಗಾಯ ಚಿಕ್ಕದಾಯಿತು, ಆದರೆ ಶುರುವಿನಲ್ಲಿ ಪಿತ್ತನಾಳಕ್ಕೆ ಪೆಟ್ಟು ಬೀಳುವುದು ಹೆಚ್ಚಿತು. ಅದಕ್ಕೇ 1995ರಲ್ಲಿ ‘ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ’ ಎಂಬ ಮಾತು ಬಂತು. ಸುತ್ತಲಿನ ಕೊಬ್ಬು ಬಿಡಿಸಬೇಕು. ಪಿತ್ತಕೋಶದ ಕೆಳಭಾಗವನ್ನು ಲಿವರ್‌ನಿಂದ ಬೇರೆ ಮಾಡಬೇಕು. ಪಿತ್ತಕೋಶಕ್ಕೆ ಸೇರುವುದು ಎರಡೇ ಎರಡು, ಒಂದು ನಾಳ, ಒಂದು ರಕ್ತನಾಳ ಎಂದು ಕಣ್ಣಾರೆ ಕಂಡ ಮೇಲೇ ಕ್ಲಿಪ್, ಕತ್ತರಿ. ಎಂಬತ್ತರ ದಶಕದಲ್ಲಿ ಓದಿದವರ ಪಾಠದಲ್ಲಿ ಇದು ಇರಲೇ ಇಲ್ಲ.

ಸುಮ್ನೆ ಸಹಿ ಹಾಕಿ, ಊಟ ಮುಗಿಸಿ ಬರುವವರೂ ಇದ್ದಾರೆ ಬಿಡಿ. ನನ್ನ ಕೇಳಿದರೆ ಭಾಷಣಕ್ಕಿಂತ ಕೈಯಾರೆ ಹೊಲಿಗೆ ಹಾಕಿಸುವ ವರ್ಕ್‌ಶಾಪ್ ಮೇಲು. ಜೆ.ಜೆ.ಎಂ., ಎಸ್.ಎಸ್. ಎರಡೂ ಮೆಡಿಕಲ್ ಕಾಲೇಜು ಊರಲ್ಲೇ ಇರುವುದರಿಂದ ಹಿರಿಯ ಸರ್ಜನ್‌ಗಳನ್ನು ಹುಡುಕಿಕೊಂಡು ಬೆಂಗಳೂರಿಗೇ ಹೋಗಬೇಕೆಂದಿಲ್ಲ.