ಒಗೆದ ಮೇಲೆ ಮಾಸ್ಕ್ ಚಿಕ್ಕದಾಗಿದ್ದಕ್ಕೆ

ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕ್ ಕುದಿಸಿ ಒಗೆದ ಮೇಲೆ ಚಿಕ್ಕದಾಯಿತು, ಎಲಾಸ್ಟಿಕ್ ಸಡಿಲವಾಯಿತು, ಕನ್ನಡಕಕ್ಕೂ ಹಬೆ ಕಟ್ಟುತ್ತದೆ ಅಂತ ಬರೆದಿದ್ದೀರಿ. ಹೊಲಿಯುವಾಗ ಬಟ್ಟೆಯನ್ನು ಒಗೆಯದೆ ಕತ್ತರಿಸಿದ್ದೀರಿ ಅನ್ನಿಸುತ್ತದೆ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಅದಕ್ಕೇ ಮಾಸ್ಕ್ ಈಗ ಗಲ್ಲ ಮುಚ್ಚುತ್ತಿಲ್ಲ. ಕಿವಿಯ ಎಲಾಸ್ಟಿಕ್ ಸಡಿಲವಾಗಿದ್ದು ಮಾತ್ರ ಕುದಿಸಿದ್ದರಿಂದಲೇ ಇರಬೇಕು. ಬಟ್ಟೆ ಯಾವುದು ಅಂತ ನೀವು ಬರೆದಿಲ್ಲ. ಪಾಲಿಯೆಸ್ಟರ್ ಬೆರೆತಿದ್ದರೆ ಇಷ್ಟು ಕುಗ್ಗುವುದು ಅಪರೂಪ.

ಕುಗ್ಗಿದ್ದನ್ನು ಎಳೆದು ಸರಿಮಾಡಲು ಹೋಗಬೇಡಿ, ಹೊಸದು ಹೊಲಿಯಿರಿ. ಮೊದಲು ಬಟ್ಟೆಯನ್ನು ಬಿಸಿನೀರು, ಸೋಪಿನಲ್ಲಿ ಒಗೆದು ಗಂಜಿ ಪೂರ್ತಿ ಬಿಡಿಸಿ. ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಅಳತೆ ಹಾಕಿ. ಕತ್ತರಿಸುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ನೇಯ್ಗೆಯ ಸಂದಿಯಲ್ಲಿ ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡರೆ ಆ ಬಟ್ಟೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು 3 ಪದರ. ಬಾಯಿಗೆ ತಾಗುವ ಪದರ ಹತ್ತಿಯದೇ ಇರಲಿ.

ಎಲಾಸ್ಟಿಕ್ ಬದಲು ಅದೇ ಬಟ್ಟೆಯ ಲಾಡಿ ಹೊಲಿದು ತಲೆಯ ಹಿಂದೆ ಕಟ್ಟಿಕೊಳ್ಳಿ. ಕಿವಿ ನೋಯುವುದಿಲ್ಲ, ಬಿಸಿನೀರಿಗೂ ಹೆದರಬೇಕಿಲ್ಲ. ಕನ್ನಡಕಕ್ಕೆ ಹಬೆ ಕಟ್ಟುತ್ತದೆ ಅಂದಿದ್ದೀರಲ್ಲ, ಮೂಗಿನ ಮೇಲಿನ ಮಡಿಕೆಯಲ್ಲಿ ತೆಳು ಅಲ್ಯೂಮಿನಿಯಂ ಪಟ್ಟಿ ತೂರಿಸಿ. ಮಡಿಕೆಯ ಒಂದು ತುದಿ ಹೊಲಿಯದೆ ಬಿಟ್ಟರೆ ಒಗೆಯುವಾಗ ಪಟ್ಟಿ ತೆಗೆಯಬಹುದು.

ಇನ್ನು ಕುದಿಸುತ್ತಾ ಕೂರಬೇಡಿ. ದಿನಕ್ಕೊಮ್ಮೆ ಸೋಪು ಹಾಕಿ 60 ಡಿಗ್ರಿಯ ಬಿಸಿನೀರಲ್ಲಿ ಒಗೆದರೆ ಸಾಕು. ಎತ್ತಿಡುವ ಮುಂಚೆ ಅಂಚಿನ ಮಡಿಕೆ ಹಿಸುಕಿ ನೋಡಿ, ನಡುವೆ ಒಣಗಿದ್ದರೂ ಅಲ್ಲಿ ತೇವ ಉಳಿದಿರುತ್ತದೆ. ತಣ್ಣಗೆ ಅನ್ನಿಸಿದರೆ ಮತ್ತೆ ಬಿಸಿಲಿಗೆ ಹಾಕಿ.