ಫೋಲ್ಡರ್ ಕಾಪಿ ಮಾಡಿ ಹೊಸ ಮಷಿನ್ ಮಾಡಬೇಡಿ

ಕಾಫಿ ಕೊಯ್ಲು ಹತ್ತಿರ ಬಂದಂತೆ ಹಾಸನ, ಚಿಕ್ಕಮಗಳೂರಿನ ಫ್ಯಾಬ್ರಿಕೇಷನ್ ಶಾಪುಗಳಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚಾಗುತ್ತವೆ. ಮಾತು ಬೇರೆಬೇರೆ, ತೊಂದರೆ ಒಂದೇ: 3ಡಿ ಮಾಡೆಲ್ ಒಂದು ಅಳತೆ ಹೇಳುತ್ತದೆ, ಲೇತಿನ ಪಕ್ಕ ಅಂಟಿಸಿದ ಡ್ರಾಯಿಂಗ್ ಇನ್ನೊಂದು ಹೇಳುತ್ತದೆ. ಮಾಡೆಲ್ ಎಂದರೇನು, ವ್ಯೂ ಹೇಗೆ ಇಡಬೇಕು ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಇಷ್ಟು ವರ್ಷ ಸಾಫ್ಟ್‌ವೇರ್ ಬಳಸುವವರಿಗೆ ಅದು ಗೊತ್ತಿರಬೇಕು.

ಪ್ರಶ್ನೆ: ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಮಷಿನ್) ತಯಾರಿಸುವ ಸಣ್ಣ ಘಟಕ. ಹಳೆಯ ಮಷಿನ್ನಿನ ಸಾಲಿಡ್‌ವರ್ಕ್ಸ್ (3ಡಿ ಡಿಸೈನ್ ಸಾಫ್ಟ್‌ವೇರ್) ಫೋಲ್ಡರನ್ನು ಕಾಪಿ ಮಾಡಿ, ಫೈಲುಗಳ ಹೆಸರು ಬದಲಾಯಿಸಿ, ಉದ್ದದ ಡ್ರಮ್ ಇರುವ ಹೊಸ ಮಾದರಿ ಮಾಡಿದೆವು. ಹೊಸ ಶಾಫ್ಟಿನ ಡ್ರಾಯಿಂಗಿನಲ್ಲಿ ಉದ್ದವನ್ನು 900ರಿಂದ 1150 ಮಿ.ಮೀ.ಗೆ ತಿದ್ದಿದೆವು. ಆಮೇಲೆ ಮೂಡಿಗೆರೆ ಕಡೆಯ ಹಳೆಯ ಗಿರಾಕಿಯೊಬ್ಬರು ಬದಲಿ ಶಾಫ್ಟ್ ಕೇಳಿದರು. ಹಳೆಯ ಡ್ರಾಯಿಂಗ್ ತೆಗೆದು ಪ್ರಿಂಟ್ ಹಾಕಿ ಮಾಡಿಸಿದರೆ ಅದೂ 1150 ಆಗಿ ಬಂತು! ಸಾಫ್ಟ್‌ವೇರಿನಲ್ಲಿ ದೋಷವಿದೆಯೇ ಸರ್?

ಉತ್ತರ: ಇಲ್ಲ. ಸಾಫ್ಟ್‌ವೇರ್ ನೀವು ಹೇಳಿದ್ದನ್ನೇ ಮಾಡಿದೆ.

ಡ್ರಾಯಿಂಗ್ ಫೈಲಿನೊಳಗೆ ಭಾಗದ ಆಕಾರ ಸ್ವತಂತ್ರವಾಗಿ ಕೂತಿರುವುದಿಲ್ಲ. ಅದು ಯಾವ ಮಾಡೆಲನ್ನು ನೋಡಬೇಕು, ಆ ಫೈಲಿನ ಹೆಸರೇನು, ಎಲ್ಲಿದೆ ಎಂಬುದನ್ನು ಡ್ರಾಯಿಂಗ್ ಬರೆದಿಟ್ಟುಕೊಂಡಿರುತ್ತದೆ. ನೀವು ವಿಂಡೋಸ್ ಫೋಲ್ಡರಿನಲ್ಲಿ ಹೆಸರು ತಿದ್ದಿದಾಗ ಆ ಸುದ್ದಿ ಡ್ರಾಯಿಂಗಿಗೆ ಮುಟ್ಟುವುದೇ ಇಲ್ಲ. ತೆರೆದಾಗ ಅದು ಹಳೆಯ ಹೆಸರನ್ನೇ ಹುಡುಕುತ್ತದೆ. ಹಳೆಯ ಫೋಲ್ಡರಿನಲ್ಲಿ ಹಳೆಯ ಶಾಫ್ಟ್ ಇನ್ನೂ ಇದೆ, ಸಿಗುತ್ತದೆ, ತೆರೆದುಕೊಳ್ಳುತ್ತದೆ. ಪರದೆಯ ಮೇಲೆ ಒಂದು ಎಚ್ಚರಿಕೆಯೂ ಬರುವುದಿಲ್ಲ. ಫೈಲ್ ಸಿಗದೆ ವ್ಯೂ ಖಾಲಿಯಾಗಿದ್ದರೆ ನೀವು ಅಂದೇ ಎಚ್ಚರಾಗುತ್ತಿದ್ದಿರಿ. ಸಿಕ್ಕಿದ್ದೇ ನಿಮಗೆ ಮುಳುವಾಯಿತು.

ಇನ್ನು ಎರಡನೆಯ ಹೆಜ್ಜೆ. ಮಾಡೆಲಿನಿಂದಲೇ ಬಂದ ಅಳತೆಯನ್ನು ಡ್ರಾಯಿಂಗಿನಲ್ಲಿ ಡಬಲ್ ಕ್ಲಿಕ್ ಮಾಡಿ ತಿದ್ದಿದರೆ ಮಾಡೆಲೇ ಬದಲಾಗುತ್ತದೆ. ಮಾಡೆಲಿಗೂ ಡ್ರಾಯಿಂಗಿಗೂ ಇರುವ ಈ ಕೊಂಡಿ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಹೊಸ ಹೆಸರಿನ ಡ್ರಾಯಿಂಗಿನಲ್ಲಿ ಕೂತು ನೀವು ತಿದ್ದಿದ್ದು ಹಳೆಯ ಮಷಿನ್ನಿನ ಶಾಫ್ಟನ್ನು. ಹಳೆಯ ಡ್ರಾಯಿಂಗ್ ತನ್ನ ಮಾಡೆಲನ್ನು ಪ್ರಾಮಾಣಿಕವಾಗಿ ಅನುಸರಿಸಿ 1150 ತೋರಿಸಿತು. ಕೊಯ್ದ ಹಣ್ಣನ್ನು ಅಂದಂದೇ ಪಲ್ಪ್ ಮಾಡಬೇಕು. ರಾಶಿ ಬಿದ್ದರೆ ಹುಳಿಯಲು ಶುರುವಾಗಿ ಕಾಫಿಯ ಗುಣ ಕೆಡುತ್ತದೆ. ತೋಟದವರು ಮಷಿನ್ ನಿಲ್ಲಿಸಿಕೊಂಡು ಕಾಯುವಾಗ ತಪ್ಪು ಉದ್ದದ ಶಾಫ್ಟ್ ಕಳಿಸುವುದು ಸಣ್ಣ ವಿಷಯವಲ್ಲ. ಅದಕ್ಕೇ ಈ ಪ್ರಶ್ನೆಗೆ ಇಷ್ಟು ಜಾಗ ಕೊಡುತ್ತಿದ್ದೇನೆ.

ಹಳೆಯ ಮಷಿನ್ನಿನಿಂದ ಹೊಸದನ್ನು ಹುಟ್ಟಿಸಬೇಕಾದರೆ ಅಸೆಂಬ್ಲಿಯನ್ನು (ಭಾಗಗಳನ್ನೆಲ್ಲ ಜೋಡಿಸಿದ ಫೈಲನ್ನು) ತೆರೆದು ಫೈಲ್ ಮೆನುವಿನ ‘ಪ್ಯಾಕ್ ಅಂಡ್ ಗೋ’ ಬಳಸಿ. ಅದರಲ್ಲಿ ಡ್ರಾಯಿಂಗುಗಳನ್ನೂ ಸೇರಿಸು ಎಂಬ ಗುರುತು ಹಾಕಲೇಬೇಕು. ಅದನ್ನು ಬಿಟ್ಟು ಮಾಡೆಲುಗಳನ್ನಷ್ಟೇ ಒಯ್ಯುವವರೇ ಹೆಚ್ಚು. ಪಟ್ಟಿಯಲ್ಲಿ ಪ್ರತಿಯೊಂದು ಭಾಗದ ಡ್ರಾಯಿಂಗೂ ಬಂದಿದೆಯೇ ಎಂದು ಕಣ್ಣಾರೆ ನೋಡಿ. ಹೆಸರನ್ನು ಅಲ್ಲೇ ಬದಲಾಯಿಸಿ, ಬೇರೆ ಫೋಲ್ಡರಿಗೆ ಉಳಿಸಿ. ಆಗ ಹೆಸರಿನ ಜೊತೆಗೆ ಒಳಗಿನ ಕೊಂಡಿಗಳೂ ಹೊಸ ಫೈಲುಗಳಿಗೆ ತಿರುಗುತ್ತವೆ. ನಟ್ಟು, ಬೋಲ್ಟು, ಬೇರಿಂಗಿನಂಥ ಎಲ್ಲ ಮಷಿನ್ನಿಗೂ ಒಂದೇ ಆದ ಭಾಗಗಳಿಗೆ ಹೊಸ ಹೆಸರು ಕೊಡಬೇಡಿ. ಅವು ಒಂದೇ ಲೈಬ್ರರಿ ಫೋಲ್ಡರಿನಲ್ಲಿರಲಿ.

ಮುಗಿದ ಮೇಲೆ ನಾನು ತಪ್ಪದೆ ಮಾಡುವ ಪರೀಕ್ಷೆ ಹೀಗಿದೆ. ಸಾಲಿಡ್‌ವರ್ಕ್ಸನ್ನು ಪೂರ್ತಿ ಮುಚ್ಚಿ. ಹಳೆಯ ಫೋಲ್ಡರಿನ ಹೆಸರಿಗೆ ಒಂದು ಅಕ್ಷರ ಸೇರಿಸಿ. ಈಗ ಹೊಸ ಡ್ರಾಯಿಂಗುಗಳನ್ನು ತೆರೆಯಿರಿ. ಯಾವುದಾದರೂ ಡ್ರಾಯಿಂಗ್ ಫೈಲ್ ಸಿಗುತ್ತಿಲ್ಲ ಎಂದರೆ ಅದರ ಒಂದು ಕೊಂಡಿ ಇನ್ನೂ ಹಳೆಯದರಲ್ಲೇ ಸಿಕ್ಕಿಕೊಂಡಿದೆ. ಎಲ್ಲವೂ ಸಲೀಸಾಗಿ ತೆರೆದರೆ ಹೊಸ ಮಷಿನ್ ತನ್ನ ಕಾಲ ಮೇಲೆ ನಿಂತಿದೆ. ಆಮೇಲೆ ಹಳೆಯ ಫೋಲ್ಡರಿಗೆ ಮೊದಲಿನ ಹೆಸರನ್ನೇ ಕೊಡಿ. ಎಲ್ಲವನ್ನೂ ಮುಚ್ಚಿ ಎಂದು ಹೇಳಿದ್ದಕ್ಕೂ ಕಾರಣವಿದೆ: ಒಂದೇ ಹೆಸರಿನ ಫೈಲ್ ಆಗಲೇ ತೆರೆದಿದ್ದರೆ ಸಾಲಿಡ್‌ವರ್ಕ್ಸ್ ಮೊದಲು ಅದನ್ನೇ ಎತ್ತಿಕೊಳ್ಳುತ್ತದೆ. ಆಗ ನಿಮ್ಮ ಪರೀಕ್ಷೆಗೆ ಅರ್ಥವಿಲ್ಲ.

ಈಗಾಗಲೇ ಕೆಟ್ಟಿರುವುದನ್ನು ಸರಿಪಡಿಸಲು ಡ್ರಾಯಿಂಗನ್ನು ಸುಮ್ಮನೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಸಾಲಿಡ್‌ವರ್ಕ್ಸಿನ ಓಪನ್ ಕಿಟಕಿಯಲ್ಲಿ ಅದನ್ನು ಆಯ್ದು, ‘ರೆಫರೆನ್ಸಸ್’ ಬಟನ್ ಒತ್ತಿ, ಹಳೆಯ ಫೈಲಿನ ಜಾಗದಲ್ಲಿ ಹೊಸದನ್ನು ತೋರಿಸಿ, ಆಮೇಲೆ ತೆರೆಯಿರಿ. ಹೊಸ ಶಾಫ್ಟ್ ಹಳೆಯದರ ಕಾಪಿಯೇ ಆಗಿರುವುದರಿಂದ ಅಳತೆಗಳು ಕಳಚಿಕೊಳ್ಳುವುದಿಲ್ಲ. ಹಳೆಯ ಶಾಫ್ಟಿನ ನಿಜವಾದ ಉದ್ದವನ್ನು ಮಾತ್ರ ಬ್ಯಾಕಪ್ಪಿನಿಂದಲೋ ಹಿಂದೆ ಶಾಪಿಗೆ ಕೊಟ್ಟ ಪಿಡಿಎಫ್‌ನಿಂದಲೋ ತರಬೇಕು. ನೆನಪಿನಿಂದ ತುಂಬಿಸಬೇಡಿ.

ಪಿಡಿಎಫ್ ಇಲ್ಲ ಎನ್ನುತ್ತೀರಾದರೆ ನಿಮ್ಮ ದೊಡ್ಡ ತಪ್ಪು ಅಲ್ಲೇ ಇದೆ. ಕೊಂಡಿ ಬೇಕಾಗಿರುವುದು ಡಿಸೈನ್ ನಡೆಯುತ್ತಿರುವಾಗ. ಮಷಿನ್ ಗಿರಾಕಿಯ ಮನೆ ಸೇರಿದ ಮೇಲೆ ಅದರ ಡ್ರಾಯಿಂಗ್ ಬದಲಾಗಲೇ ಬಾರದು. ಶಾಪಿಗೆ ಇಳಿಯುವ ಪ್ರತಿ ಡ್ರಾಯಿಂಗನ್ನೂ ರಿವಿಷನ್ ಅಕ್ಷರ (ಎಷ್ಟನೆಯ ತಿದ್ದುಪಡಿ ಎಂಬ ಗುರುತು), ದಿನಾಂಕ ಹಾಕಿ ಪಿಡಿಎಫ್ ಮಾಡಿ. ಮುಂದಿನ ರಿವಿಷನ್ ಬಂದಾಗ ಹಳೆಯದರ ಮೇಲೆ ಬರೆಯದೆ ಬೇರೆ ಫೈಲಾಗಿ ಇಡಿ. ಮಾರಿ ಮುಗಿದ ಮಷಿನ್ನಿನ ಮಾಡೆಲ್ ಫೈಲುಗಳಿಗೆ ರೀಡ್-ಓನ್ಲಿ ಗುರುತು ಹಾಕಿ. ಹಾಗೆ ಮಾಡಿದ್ದರೆ ಅಂದು ಶಾಫ್ಟನ್ನು ಸೇವ್ ಮಾಡಲು ಹೋದಾಗಲೇ ಕಂಪ್ಯೂಟರ್ ನಿಮ್ಮನ್ನು ತಡೆಯುತ್ತಿತ್ತು. ಬದಲಿ ಭಾಗ ಕೇಳಿದವರಿಗೆ ಪಿಡಿಎಫ್ ನೋಡಿ ಮಾಡಿಸಿ, ಮಾಡೆಲ್ ತೆರೆದು ಹೊಸದಾಗಿ ಪ್ರಿಂಟ್ ಹಾಕಬೇಡಿ.

ಪ್ರಶ್ನೆ: ಮಾಡೆಲ್ ತಿದ್ದಿದಾಗಲೆಲ್ಲ ಡ್ರಾಯಿಂಗಿನ ಕೆಲವು ಅಳತೆಗಳ ಬಣ್ಣ ಬದಲಾಗಿ ತೇಲುತ್ತವೆ. ಅಳಿಸಿ ಮತ್ತೆ ಹಾಕುವುದೇ ಕೆಲಸವಾಗಿದೆ. (ಹಾಸನ, ಡ್ರಾಫ್ಟ್ಸ್‌ಮನ್)

ಉತ್ತರ: ಅಳತೆ ಅಂಟಿಕೊಂಡಿರುವುದು ಕಾಗದದ ಮೇಲಿನ ಗೆರೆಗಲ್ಲ, ಮಾಡೆಲಿನ ಅಂಚಿಗೆ. ಪ್ರತಿ ಅಂಚಿಗೂ ಒಳಗೊಂದು ಗುರುತಿದೆ. ಒಂದು ತೂತನ್ನು ಅಳಿಸಿ ಅದೇ ಜಾಗದಲ್ಲಿ ಅದೇ ವ್ಯಾಸದ ತೂತು ಮತ್ತೆ ಮಾಡಿದರೆ ನಿಮ್ಮ ಕಣ್ಣಿಗೆ ಅದು ಹಳೆಯದೇ, ಡ್ರಾಯಿಂಗಿಗೆ ಅಪರಿಚಿತ. ಅಳಿಸಿ ಬರೆಯುವ ಚಟ ಬಿಡಿ, ಇರುವ ಸ್ಕೆಚ್ಚನ್ನೇ ತಿದ್ದಿ. ಫಿಲೆಟ್ (ದುಂಡಗಾಗಿಸಿದ ಅಂಚು), ಚ್ಯಾಂಫರುಗಳನ್ನು (ಓರೆಯಾಗಿ ಕತ್ತರಿಸಿದ ಅಂಚು) ಕೊನೆಗೆ ಹಾಕಿ ಮತ್ತು ಅವುಗಳ ಅಂಚಿನಿಂದ ಮುಖ್ಯ ಅಳತೆ ಎಳೆಯಬೇಡಿ. ಫಿಲೆಟ್ ಹೋದರೆ ಅಳತೆಯೂ ಹೋಗುತ್ತದೆ. ಸಾಧ್ಯವಾದಷ್ಟು ಅಳತೆಗಳನ್ನು ಮಾಡೆಲಿನ ಅಳತೆಗಳನ್ನೇ ಡ್ರಾಯಿಂಗಿಗೆ ತರುವ ‘ಮಾಡೆಲ್ ಐಟಮ್ಸ್’ ಮೂಲಕ ತನ್ನಿ.

ಪ್ರಶ್ನೆ: ಕೋರ್ಸಿನಲ್ಲಿ ಹೇಳಿಕೊಟ್ಟಂತೆ, ಗಡಿಬಿಡಿಯಿದ್ದಾಗ ಅಳತೆಯ ಅಂಕಿಯನ್ನಷ್ಟೇ ಓವರ್‌ರೈಡ್ ಮಾಡಿ ಪ್ರಿಂಟ್ ಕೊಡಬಹುದಲ್ಲವೇ?

ಉತ್ತರ: ಕೊಡಬಾರದು. ಇದನ್ನು ಜಾಣತನವೆಂದು ಕಲಿಸುವವರು ನಿಮ್ಮಿಂದ ಫೀಸು ತೆಗೆದುಕೊಂಡು ನಿಮಗೆ ಮೋಸ ಮಾಡುತ್ತಿದ್ದಾರೆ. ಡ್ರಾಯಿಂಗಿನಲ್ಲಿ 62 ಎಂದು ಟೈಪ್ ಮಾಡಿದರೆ ಮಾಡೆಲಿನಲ್ಲಿ ಬೋರ್ (ಒಳತೂತು) 60 ಆಗಿಯೇ ಉಳಿಯುತ್ತದೆ. ಬೇರಿಂಗ್ ಹೌಸಿಂಗಿನ ಲೇತ್ ಕೆಲಸ ಕಾಗದ ನೋಡಿ ಆಗುತ್ತದೆ, ಪಕ್ಕದ ಪ್ಲೇಟಿನ ಲೇಸರ್ ಕಟಿಂಗ್ ಮಾಡೆಲ್ ನೋಡಿ ಆಗುತ್ತದೆ, ಜೋಡಿಸುವ ದಿನ ಫಿಟ್ಟರ್ ಬೈಗುಳ ತಿನ್ನುತ್ತಾನೆ. ಮಾಡೆಲಿನಲ್ಲಿ ಆ ಅಂಕಿ ತಿದ್ದಲು ಅರ್ಧ ನಿಮಿಷ ಸಾಕು. ನನ್ನ ಬಳಿ ಕೆಲಸಕ್ಕೆ ಬರುವವರ ಡ್ರಾಯಿಂಗಿನಲ್ಲಿ ಟೈಪ್ ಮಾಡಿದ ಒಂದೇ ಒಂದು ಅಳತೆ ಕಂಡರೂ ಉಳಿದ ಯಾವ ಅಳತೆಯನ್ನೂ ನಾನು ನಂಬುವುದಿಲ್ಲ, ಇಡೀ ಡ್ರಾಯಿಂಗ್ ವಾಪಸ್.

ಪ್ರಶ್ನೆ: ಲೇಸರ್ ಕಟಿಂಗಿಗೆ ಕಳಿಸಿದ ಡಿಎಕ್ಸ್‌ಎಫ್ ಫೈಲ್, ಮಾಡೆಲ್ ಬದಲಾದಾಗ ತಾನೇ ಬದಲಾಗುತ್ತದೆಯೇ?

ಉತ್ತರ: ಇಲ್ಲ. ಡಿಎಕ್ಸ್‌ಎಫ್‌ನಲ್ಲಿ ಬರೀ ಗೆರೆಗಳಿವೆ. ಪ್ರತಿ ಸಲ ಹೊಸದಾಗಿ ತೆಗೆದು, ಫೈಲ್ ಹೆಸರಿನಲ್ಲೇ ರಿವಿಷನ್ ಸೇರಿಸಿ ಕಳಿಸಿ, ಹಳೆಯದನ್ನು ಅಳಿಸಲು ಫೋನ್ ಮಾಡಿ ಹೇಳಿ.

ಪ್ರಶ್ನೆ: ಪೆನ್‌ಡ್ರೈವಿನಿಂದಲೇ ನೇರವಾಗಿ ಕೆಲಸ ಮಾಡಬಹುದೇ?

ಉತ್ತರ: ಬೇಡ.

ಪ್ರಶ್ನೆ: ಉಚಿತ ಫ್ರೀಕ್ಯಾಡ್‌ನಲ್ಲಿ ಈ ಕೊಂಡಿ ಸಿಗುತ್ತದೆಯೇ? ವಿದ್ಯಾರ್ಥಿ, ಹಾಸನ.

ಉತ್ತರ: ಸಿಗುತ್ತದೆ, ಅದರ ಟೆಕ್‌ಡ್ರಾ ವಿಭಾಗ ಇರುವುದೇ ಅದಕ್ಕೆ. ಮೇಲೆ ಹೇಳಿದ ಅಂಚಿನ ಗುರುತು ಕಳೆದುಹೋಗುವ ಕಾಟ ಅದರ ಹಳೆಯ ಆವೃತ್ತಿಗಳಲ್ಲಿ ವಿಪರೀತವಾಗಿತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದನ್ನು ಬಹಳಷ್ಟು ತಗ್ಗಿಸಿದ್ದಾರೆ, ಪೂರ್ತಿ ಹೋಗಿಲ್ಲ. ಕಲಿಯಲು ಧಾರಾಳವಾಗಿ ಬಳಸಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಳ್ಳುವುದಕ್ಕಿಂತ ಇದು ನೂರು ಪಾಲು ಮೇಲು.

ಪ್ರಶ್ನೆ: ಈಗ 3ಡಿ ಮಾಡೆಲಿನ ಮೇಲೇ ಅಳತೆ ಬರೆಯಬಹುದಂತೆ. ಹಾಗಾದರೆ 2ಡಿ ಡ್ರಾಯಿಂಗ್ ಬಿಟ್ಟೇಬಿಡಬಹುದೇ?

ಉತ್ತರ: ಅದಕ್ಕೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಎಎಸ್‌ಎಂಇ ವೈ 14.41 ಎಂಬ ಮಾನದಂಡ 2003ರಿಂದಲೇ ಇದೆ, ಹೊಸ ಸುದ್ದಿಯೇನಲ್ಲ. ನಿಮ್ಮ ವೆಲ್ಡರ್, ಟರ್ನರ್, ತಪಾಸಣೆ ಮಾಡುವವರು ಎಲ್ಲರ ಮುಂದೂ ಪರದೆ ಇದ್ದು, ಅದರಲ್ಲಿ ಮಾಡೆಲ್ ತಿರುಗಿಸಿ ಅಳತೆ ಓದಲು ಅವರಿಗೆ ಬರುತ್ತದಾದರೆ ಬಿಡಿ. ಇಲ್ಲವಾದರೆ ಕಾಗದ ಕೊಡಿ, ಅದರ ಮೂಲೆಯಲ್ಲಿರುವ ರಿವಿಷನ್ ಅಕ್ಷರ ಸರಿಯಿದೆಯೇ ಎಂದು ನೋಡಿ ಕೊಡಿ.