ಠಾಣೆಯೊಳಗಿನ ನಗೆ ಹೊರಗೆ ಬಂದಾಗ

ಮಾನ್ಯರೇ,

ಲಂಡನ್ ಪೊಲೀಸರ ಜನಾಂಗೀಯ ಕುಚೋದ್ಯದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಆಕ್ಷೇಪಿಸಿ, ಇಲಾಖೆಯಿಂದ ನಿವೃತ್ತರಾದ ತಾವು ಎರಡು ಮಾತು ಹೇಳಿದ್ದೀರಿ: ಹೆಣ, ರಕ್ತ, ನಿದ್ದೆಗೇಡಿನ ನಡುವೆ ಬದುಕುವವರಿಗೆ ನಗೆಯಿಲ್ಲದೆ ಗತಿಯಿಲ್ಲ, ಠಾಣೆಯೊಳಗೆ ಆಡಿಕೊಂಡ ಮಾತಿನಿಂದ ಹೊರಗಿನವರಿಗೆ ಏಟು ಬೀಳುವುದಿಲ್ಲ. ಮೊದಲನೆಯದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ.

1991ರ ಮಾರ್ಚ್ 3ರ ನಡುರಾತ್ರಿ ಲಾಸ್ ಏಂಜಲೀಸ್‌ನಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪುವರ್ಣೀಯನನ್ನು ಪೊಲೀಸರು ಲಾಠಿಗಳಿಂದ ಥಳಿಸಿದ್ದನ್ನು ಜಗತ್ತೇ ವಿಡಿಯೊದಲ್ಲಿ ನೋಡಿತು. ಅದಕ್ಕೆ ಸ್ವಲ್ಪ ಹೊತ್ತಿನ ಮುಂಚೆ, ಥಳಿಸಿದವರಲ್ಲಿ ಇಬ್ಬರಿದ್ದ ಗಸ್ತು ವಾಹನದ ಕಂಪ್ಯೂಟರಿನಿಂದ, ಮನೆಜಗಳವೊಂದರಲ್ಲಿ ತಾವು ಕಂಡ ಕಪ್ಪು ಕುಟುಂಬವನ್ನು ಗೊರಿಲ್ಲಾಗಳಿಗೆ ಹೋಲಿಸಿದ ಸಂದೇಶ ಹೋಗಿತ್ತು. ಅತ್ತಲಿಂದ ನಗುವೇ ಉತ್ತರವಾಗಿ ಬಂದಿತ್ತು. ಥಳಿತದ ಬಳಿಕ ಅದೇ ವಾಹನದಿಂದ, ಯಾರನ್ನೂ ಇಷ್ಟು ಕೆಟ್ಟದಾಗಿ ಹೊಡೆದು ಬಹಳ ಕಾಲವಾಗಿತ್ತು ಎಂಬ ಸಂದೇಶ ಹೊರಟಿತು. ಮಾತು ಮತ್ತು ಏಟು ಒಂದೇ ರಾತ್ರಿ, ಒಂದೇ ವಾಹನದವರಿಂದ ಬಂದವು. ಇಂಥ ಸಂದೇಶಗಳು ಒಂದೆರಡಲ್ಲ ಎಂದು ಆ ಪೊಲೀಸ್ ಇಲಾಖೆಯ ಪರಿಶೀಲನೆಗೆ ನೇಮಕವಾದ ವಾರನ್ ಕ್ರಿಸ್ಟೋಫರ್ ಆಯೋಗ ಆ ಜುಲೈನಲ್ಲಿ ವರದಿ ಮಾಡಿತು. ಮೇಲಧಿಕಾರಿಗಳ ಕಣ್ಣಿಗೆ ಬೀಳಬಹುದಾದ ಇಲಾಖೆಯ ಯಂತ್ರದಲ್ಲೇ ಹೀಗೆ ಬರೆಯಬೇಕಾದರೆ, ಯಾರೂ ಕೇಳುವುದಿಲ್ಲವೆಂಬ ಧೈರ್ಯ ಮೊದಲೇ ಬೇರೂರಿರಬೇಕು. ಮರುವರ್ಷ ಆ ಪೊಲೀಸರ ಖುಲಾಸೆಯಾದಾಗ ಎದ್ದ ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು.

ತನ್ನ ಅಸಹಾಯಕತೆಯನ್ನು ಕುರಿತು ಪೊಲೀಸನೊಬ್ಬ ನಕ್ಕರೆ ಅದು ಅವನ ಎದೆಯ ಭಾರ ಇಳಿಸುತ್ತದೆ. ತಾನು ಕಾಪಾಡಬೇಕಾದ ಜನರನ್ನು ಮೃಗಗಳೆಂದು ನಕ್ಕಾಗ, ಅವರಿಗೆ ಕೊಡುವ ನೋವನ್ನು ನೋವೆಂದು ಎಣಿಸಬೇಕಿಲ್ಲವೆಂಬ ಪಾಠ ಪಕ್ಕದಲ್ಲಿ ಕುಳಿತ ಹೊಸಬನಿಗೂ ಆಗುತ್ತದೆ. ಅದರ ಸುದ್ದಿ ಬೀದಿಗೆ ತಲುಪಿದ ಮೇಲೆ, ಮಗನಿಗೆ ಹೊಡೆತ ಬಿದ್ದರೂ ತಾಯಿ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ, ಕಣ್ಣಾರೆ ಕಂಡವನು ಸಾಕ್ಷಿ ಹೇಳುವುದಿಲ್ಲ. ತನಿಖೆ ಮಾಡಿದ ತಮಗೆ ಆ ನಷ್ಟ ನನಗಿಂತ ಚೆನ್ನಾಗಿ ಗೊತ್ತು.

ಲಂಡನ್ನಿನ ಚೇರಿಂಗ್ ಕ್ರಾಸ್ ಠಾಣೆಯ ಪೊಲೀಸರ ವಾಟ್ಸ್‌ಆ್ಯಪ್ ಸಂದೇಶಗಳ ಕುರಿತು 2022ರ ಫೆಬ್ರವರಿಯಲ್ಲಿ ಬಂದ ತನಿಖಾ ವರದಿಯಲ್ಲೂ ‘ಬರೀ ತಮಾಷೆ’ ಎಂಬ ಸಮರ್ಥನೆಯೇ ಇದೆ. ನನ್ನನ್ನು ಹೆಚ್ಚು ಕಾಡಿದ್ದು, ಅದನ್ನು ಸಹಿಸದ ಸಹೋದ್ಯೋಗಿಗಳು ಬಾಯಿ ತೆರೆಯಲು ಹೆದರಿದ್ದರೆಂಬ ಸಂಗತಿ. ತಮ್ಮ ಸೇವಾವಧಿಯಲ್ಲಿಯೂ, ಎಲ್ಲರೂ ನಗುವಾಗ ನಗದೆ ಕುಳಿತ ಕಿರಿಯ ಪೇದೆಯೊಬ್ಬ ಇದ್ದಿರಬಹುದು. ಆತನಿಗೆ ಆಮೇಲೆ ಏನಾಯಿತು ಎಂಬುದನ್ನು ತಾವು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ಸಂಪಾದಕ